ಕಾಣದ ಕಣಕ್ಕೆ ಲೆಕ್ಕವೇ ಸಾಕ್ಷಿ

ಕಣ ಎಂದರೆ ದೇಶನೂರಿನ ಸುತ್ತಮುತ್ತಲ ರೈತರಿಗೆ ಭತ್ತ ಒಕ್ಕುವ ಜಾಗ. ಕಣದಿಂದ ನೂರು ಚೀಲ ಹೊರಟು ಮಿಲ್ಲಿಗೆ ತೊಂಬತ್ತು ಸೇರಿದರೆ, ಉಳಿದ ಹತ್ತು ಎಲ್ಲೋ ಹೋಗಿವೆ ಎಂಬುದು ಖಚಿತ. ವಿಜ್ಞಾನಿಗಳ ಕಣಗಳಿಗೂ ಇದೇ ಲೆಕ್ಕ.

ಜಿನೀವಾ ಬಳಿ, ನೆಲದಡಿಯ 27 ಕಿ.ಮೀ. ಸುತ್ತಳತೆಯ ಯಂತ್ರದಲ್ಲಿ ಪ್ರೋಟಾನುಗಳು ಎದುರುಬದುರಾಗಿ ಡಿಕ್ಕಿ ಹೊಡೆಯುತ್ತವೆ. ಹೊಮ್ಮುವ ಚೂರುಗಳು ಅಕ್ಕಪಕ್ಕಕ್ಕೆ ಸಮತೂಕದಲ್ಲಿ ಚಿಮ್ಮಬೇಕು. ಒಂದೇ ಮಗ್ಗುಲಿಗೆ ಚಿಮ್ಮಿದರೆ, ಎದುರು ಮಗ್ಗುಲಿಗೆ ಕಾಣದ್ದೇನೋ ಹಾರಿಹೋಗಿದೆ ಎಂದರ್ಥ.

ಹೀಗೆ ಕಣ್ತಪ್ಪಿಸುವ ಕಣ ನ್ಯೂಟ್ರಿನೊ. ಅದು ನಮಗೆ ಹೊಸದಲ್ಲ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ಬೇರೆ ಕಣಗಳನ್ನು ಬಂಡೆಯೇ ತಡೆಯುವ ಎರಡು ಕಿ.ಮೀ.ಗೂ ಮೀರಿದ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು.

ಈಗ ಕಣ್ಣಿರುವುದು 2012ರಲ್ಲಿ ಪತ್ತೆಯಾದ ಹಿಗ್ಸ್ ಕಣದ ಮೇಲೆ. ತಿಳಿದ ನಿಯಮದಂತೆ ಅದು ಒಡೆದು ನ್ಯೂಟ್ರಿನೊಗಳಾಗಿ ಮರೆಯಾಗುವುದು ಸಾವಿರಕ್ಕೆ ಸುಮಾರು ಒಂದು ಸಲ. ಅದಕ್ಕಿಂತ ಹೆಚ್ಚಾದರೆ, ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಐದು ಪಾಲಿರುವ ಕಪ್ಪು ದ್ರವ್ಯದ ಸುಳಿವು ಸಿಕ್ಕಂತೆ. ಹೆಚ್ಚೆಂದರೆ ಶೇ 10.7 ಎಂದು ಅಟ್ಲಾಸ್ ತಂಡ 2023ರಲ್ಲಿ ಮಿತಿ ಹಾಕಿತು. ಸಾವಿರಕ್ಕೆ ಒಂದಕ್ಕೂ ನೂರಕ್ಕೆ ಹತ್ತಕ್ಕೂ ನಡುವಿನ ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.