ಕಾಲುವೆಯ ನೀರೂ ಹೊಳೆಯ ಮೀನೂ

ಹೊಳೆಯ ನೀರು ಬೆಳೆಗೆ ಜೀವಾಧಾರವೆಂಬುದು ರೈತರೆಲ್ಲರಿಗೂ ತಿಳಿದ ಸಂಗತಿಯೇ ಸರಿ. ಅದೇ ನೀರು ಮೀನಿಗೆ ಮನೆಯೆಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಗಣಿಸುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬೇಸಾಯವು ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ನದಿಗಳ ಕಟ್ಟೆ ಜಲಾಶಯಗಳನ್ನೂ ಅವಲಂಬಿಸಿರುವುದರಿಂದ, ಈ ವಿಷಯವನ್ನು ಇಲ್ಲಿನ ರೈತರು ತಿಳಿದಿರುವುದು ಅವಶ್ಯಕ.

ಅಳಿವಿನ ಅಂಚಿನ ಮೀನು

ಕಾವೇರಿಯ ಮೀನುಗಳಲ್ಲಿ ಶ್ರೇಷ್ಠವಾದುದು ಬಿಳಿಮೀನು, ಅಥವಾ ಮಹಶೀರ್. ಇದರಲ್ಲಿ ಕಿತ್ತಳೆಬಣ್ಣದ ರೆಕ್ಕೆಗಳುಳ್ಳ ಗೂನುಬೆನ್ನಿನ ಜಾತಿಯು ಕಾವೇರಿ ಮತ್ತು ಅದರ ಉಪನದಿಗಳ ಹೊರತು ಪ್ರಪಂಚದ ಬೇರಾವ ಕಡೆಯಲ್ಲಿಯೂ ಸ್ವಾಭಾವಿಕವಾಗಿ ಇರುವುದಿಲ್ಲ. 1946ನೆಯ ಇಸವಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಪಿಲೆಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಈಗ ಆ ಜಾತಿಯ ಮುಖ್ಯ ಆಶ್ರಯವು ಮೋಯಾರ್ ನದಿಯಷ್ಟೇ. 2018ರಲ್ಲಿ ಶಾಸ್ತ್ರಜ್ಞರು ಇದನ್ನು ಟಾರ್ ರೆಮಾದೇವಿ ಎಂದು ಗುರುತಿಸಿದರು; ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅತಿ ಸಮೀಪದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅಣೆಕಟ್ಟುಗಳು, ಸಿಡಿಮದ್ದು, ಮರಳು ತೆಗೆಯುವಿಕೆ, ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯ ಮಹಶೀರ್, ಇವೆಲ್ಲವೂ ಇದಕ್ಕೆ ಕಾರಣಗಳು.

ಮೀನಿಗೆ ಬೇಕಾದ ನೀರು

ಬೆಳೆಗೆ ಹೇಗೋ ಹಾಗೆ ಮೀನಿಗೂ ಋತುವಿಗೆ ತಕ್ಕ ನೀರು ಬೇಕು. ಬೇಸಿಗೆಯಲ್ಲಿ ಅದು ಆಳವಾದ ಮಡುಗಳನ್ನು ಸೇರಿ ಬದುಕುವುದು. ಹರಿವು ನಿಂತರೆ ಮಡುವಿನ ನೀರು ಕಾದು, ಅದರಲ್ಲಿ ಕರಗಿರುವ ಪ್ರಾಣವಾಯು ಕುಗ್ಗುವುದು. ಮುಂಗಾರಿನ ಹೊಸ ನೀರು ಬಂದೊಡನೆ ಮೀನು ಹೊಳೆಯನ್ನೇರಿ, ಶುಭ್ರವಾದ ನೀರು ರಭಸವಾಗಿ ಹರಿಯುವ ನೊರಜುಗಲ್ಲಿನ ತಳದಲ್ಲಿ ತತ್ತಿಯಿಡುವುದು. ತತ್ತಿಯೊಡೆಯಲು ಕೆಲವು ದಿನಗಳು ಬೇಕು. ಅಷ್ಟರಲ್ಲಿ ನೀರು ಥಟ್ಟನೆ ಇಳಿದರೆ ತತ್ತಿಗಳು ಒಣಗುವುವು. ಅಂಚಿನ ತೆಳುನೀರಿನಲ್ಲಿರುವ ಮರಿಗಳು ಕುಣಿಗಳಲ್ಲಿ ಸಿಕ್ಕಿ ಸಾಯುವುವು.

ಜಲಾಶಯಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ. ಮಳೆಗಾಲದಲ್ಲಿ ನೀರನ್ನು ತಡೆದಿಟ್ಟು, ತುಂಬಿದ ಮೇಲೆ ಒಮ್ಮೆಲೇ ಬಿಡುವುದೂ, ಒಳಹರಿವು ತಗ್ಗಿದೊಡನೆ ಬಾಗಿಲು ಮುಚ್ಚುವುದೂ ಸಾಮಾನ್ಯ. ಅಲ್ಲದೆ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಂತಹ ಎತ್ತರದ ಕಟ್ಟಡವನ್ನು ಯಾವ ಮೀನೂ ಏರಲಾರದು.

ನೀರು ಎಲ್ಲಿಂದ ಬರಬೇಕು?

ಬೆಳೆಗೇ ಸಾಲದಿರುವಾಗ ಮೀನಿಗೆಲ್ಲಿಯ ನೀರು ಎಂದು ರೈತರು ಕೇಳುವುದು ನ್ಯಾಯವಾಗಿಯೇ ಇದೆ. ಕಾವೇರಿ ನ್ಯಾಯಮಂಡಳಿಯು 2007ರ ತೀರ್ಪಿನಲ್ಲಿ 740 ಟಿ.ಎಂ.ಸಿ. ನೀರಿನೊಳಗೆ 10 ಟಿ.ಎಂ.ಸಿ.ಯನ್ನು ಪರಿಸರ ರಕ್ಷಣೆಗೆಂದು ಮೀಸಲಿಟ್ಟಿತು. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಫೆಬ್ರವರಿಯಿಂದ ಮೇವರೆಗೆ ಬಿಳಿಗುಂಡ್ಲುವಿನಲ್ಲಿ ತಿಂಗಳಿಗೆ 2.5 ಟಿ.ಎಂ.ಸಿ. ಹರಿಯತಕ್ಕದ್ದು. ಸರಾಸರಿ ನೋಡಲಾಗಿ ಇದು ಸುಮಾರು 960 ಕ್ಯೂಸೆಕ್ಸ್ ಆಗುತ್ತದೆ. ಆದರೆ ಈ ಲೆಕ್ಕವು ಗಡಿಯಲ್ಲಿ ಅಳೆಯುವಂಥದು. ಹನಗೋಡು ಕಟ್ಟೆಯ ಕೆಳಗೆ ಲಕ್ಷ್ಮಣತೀರ್ಥವು ಬತ್ತಿದರೆ ಇದರಿಂದ ಅಲ್ಲಿನ ಮೀನಿಗೆ ಪ್ರಯೋಜನವಿಲ್ಲ.

ಆದಾಗ್ಯೂ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಮೀನಿಗೆ ಎಲ್ಲ ಕಾಲದಲ್ಲಿಯೂ ಹೆಚ್ಚು ನೀರು ಬೇಕಿಲ್ಲ; ನೀರು ಬಿಡುವ ರೀತಿಯೇ ಅನೇಕ ವೇಳೆ ಮುಖ್ಯವಾದುದು. ಅದೇ ತೀರ್ಪಿನಂತೆ ಜುಲೈಯಲ್ಲಿ 31.24, ಆಗಸ್ಟಿನಲ್ಲಿ 45.95 ಟಿ.ಎಂ.ಸಿ. ಕೆಳಗೆ ಹೋಗಲೇಬೇಕು. ಹೇಗೂ ಹೋಗತಕ್ಕ ಈ ನೀರನ್ನು ಮಳೆಯ ಹೊನಲಿನಂತೆ ಏರಿಸಿ, ಕೆಲವು ದಿನ ನಿಲ್ಲಿಸಿಕೊಂಡು, ಮೆಲ್ಲಮೆಲ್ಲನೆ ಇಳಿಸಿದರೆ ರೈತನ ಪಾಲಿಗೆ ಒಂದು ಕೊಡವೂ ಕಡಮೆಯಾಗದು. ಚೀನಾ ದೇಶದ ತ್ರೀ ಗಾರ್ಜಸ್ ಅಣೆಕಟ್ಟಿನಿಂದ 2011ರಿಂದೀಚೆಗೆ ಗೆಂಡೆ ಜಾತಿಯ ಮೀನುಗಳ ಸಂತಾನೋತ್ಪತ್ತಿಗಾಗಿಯೇ ಇಂತಹ ಕೃತಕ ಹೊನಲನ್ನು ಬಿಡುವ ಪ್ರಯೋಗ ನಡೆದಿದೆ.

ರೈತರು ಮಾಡಬಹುದಾದುದು

1. ಕಾಲುವೆಯ ಬಾಗಿಲನ್ನು ಒಮ್ಮೆಲೇ ಮುಚ್ಚದೆ ಹಂತಹಂತವಾಗಿ ಇಳಿಸುವಂತೆ ನೀರಾವರಿಯವರನ್ನು ಕೇಳಿಕೊಳ್ಳುವುದು. ಕಾಲುವೆಯನ್ನು ಹೊಕ್ಕ ಮೀನು ಹೊಳೆಗೆ ಹಿಂದಿರುಗಲು ಇದರಿಂದ ಅವಕಾಶವಾಗುತ್ತದೆ.

2. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿಗೆ ನೀರು ಬೇಕಾಗುವುದು ಹೊಳೆ ಬಡವಾಗಿರುವ ಬೇಸಿಗೆಯಲ್ಲಿಯೇ. ಆಳದ ಮಡುಗಳಿಗೆ ಪಂಪು ಹೂಡಿ ಬರಿದು ಮಾಡದೆ, ಸರದಿಯ ಮೇಲೆ ನೀರೆತ್ತುವುದು. ಮಡಿಯ ಮೇಲೆ ಹುಲ್ಲು ಹೊದಿಸಿದರೆ ತೇವವು ಹೆಚ್ಚು ಹೊತ್ತು ನಿಲ್ಲುತ್ತದೆ.

3. ಕೀಟನಾಶಕದ ಡಬ್ಬಿಗಳನ್ನೂ ಸಿಂಪಡಿಸುವ ಯಂತ್ರಗಳನ್ನೂ ಹೊಳೆಯಲ್ಲಿ ತೊಳೆಯದಿರುವುದು. ಮಡುವಿನಲ್ಲಿ ಸೇರಿದ ಸ್ವಲ್ಪ ವಿಷವೂ ಮರಿಗಳನ್ನು ಕೊಲ್ಲಬಲ್ಲದು.

4. ಸಿಡಿಮದ್ದು, ವಿಷ, ಸಣ್ಣ ಕಣ್ಣಿನ ಬಲೆ ಇವುಗಳಿಂದ ಮೀನು ಹಿಡಿಯುವುದನ್ನು ಊರಿನವರೇ ತಡೆಯುವುದು.

5. ಮರಳನ್ನೂ ನೊರಜುಗಲ್ಲನ್ನೂ ಹೊಳೆಯಿಂದ ಸಾಗಿಸಗೊಡದಿರುವುದು.

ಇವು ಅಸಾಧ್ಯವಾದ ಕೆಲಸಗಳಲ್ಲ. ನೆರೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳನ್ನು ಜನರು ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. ಒಂದು ಮಡುವಿನಲ್ಲಿ ಭಕ್ತಿಯು ಸಾಧಿಸಿದುದನ್ನು ಉಳಿದ ಮಡುಗಳಲ್ಲಿ ವಿವೇಕವು ಸಾಧಿಸಬಹುದು. ಮೀನು ಬದುಕುವಷ್ಟು ನಿರ್ಮಲವಾಗಿ, ಬೇಸಿಗೆಯಲ್ಲಿಯೂ ಎಳೆಕಡಿಯದೆ ಹರಿಯುವ ಹೊಳೆಯು ದನಕರುಗಳಿಗೂ, ದಡದ ಬಾವಿಗಳಿಗೂ, ಕೊನೆಗೆ ಗದ್ದೆಗೂ ಹಿತವಾದುದೆಂಬುದನ್ನು ರೈತರು ಮರೆಯಲಾಗದು.