ಒಂದೂವರೆ ಸಾವಿರ ಬೈಟಿನ ಬಾಗಿಲು

ಆಫೀಸಿನ ವಿಪಿಎನ್‌ಗೆ ಲಾಗಿನ್ ಆಗುತ್ತದೆ. ಮೇಲ್ ತೆರೆಯುತ್ತದೆ, ಚಾಟ್ ಓಡುತ್ತದೆ, ಸರ್ವರ್‌ನಲ್ಲಿ ಯಾವ ಯಾವ ಫೋಲ್ಡರ್ ಇದೆ ಎಂದೂ ಕಾಣುತ್ತದೆ. ಆದರೆ ನಾಲ್ಕು ಜಿಬಿಯ ಫೈಲೊಂದನ್ನು ಎಳೆದು ಹಾಕಿದರೆ ಹಸಿರು ಪಟ್ಟಿ ಒಂದಿಷ್ಟು ಸರಿದು ಅಲ್ಲೇ ನಿಲ್ಲುತ್ತದೆ. ಕೆಲ ನಿಮಿಷಕ್ಕೆ ವಿಪಿಎನ್ನೇ ಕಳಚಿಕೊಳ್ಳುತ್ತದೆ. ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದರೆ ‘ನಿಮ್ಮ ಮನೆ ಇಂಟರ್ನೆಟ್ ಸರಿಯಿಲ್ಲ’ ಎನ್ನುತ್ತಾರೆ. ಇಂಟರ್ನೆಟ್‌ನವರು ಸ್ಪೀಡ್ ಟೆಸ್ಟ್ ಮಾಡಿಸಿ, ‘ನೋಡಿ ಸಾರ್, ನೂರು ಎಂಬಿ ಬರ್ತಿದೆ, ನಮ್ಮ ಕಡೆ ಏನೂ ಪ್ರಾಬ್ಲಂ ಇಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಕಾಟದ ಬೇರು ಇರುವುದು 1980ರಲ್ಲಿ ನಿಗದಿಯಾದ ಒಂದು ಅಳತೆಯಲ್ಲಿ, ಮತ್ತು ತೊಂಬತ್ತರ ದಶಕದ ಕೊನೆಗೆ ಹಬ್ಬಿದ ಒಂದು ಹೆದರಿಕೆಯಲ್ಲಿ.

ಅಳತೆಯ ಕತೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ನಕಲು ಪ್ರತಿ ತೆಗೆಯುವ ಅಂಗಡಿಗಳಿಗೆ ಹೆಸರು ಕೊಟ್ಟ ಅದೇ ಜೆರಾಕ್ಸ್. 1973ರ ಮೇ ತಿಂಗಳಲ್ಲಿ ಅಲ್ಲಿನ ಬಾಬ್ ಮೆಟ್‌ಕಾಫ್, ಕಟ್ಟಡದೊಳಗಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಕೇಬಲ್ಲಿಗೆ ಕೂಡಿಸುವ ಯೋಚನೆಯನ್ನು ಟಿಪ್ಪಣಿಯಾಗಿ ಬರೆದರು. ಡೇವಿಡ್ ಬಾಗ್ಸ್ ಜತೆಗೂಡಿ ಅದನ್ನು ಕಟ್ಟಿಯೂ ತೋರಿಸಿದರು. ಅದೇ ಈಥರ್ನೆಟ್. ಮೊದಲ ರೂಪದ ವೇಗ ಸೆಕೆಂಡಿಗೆ 29.4 ಲಕ್ಷ ಬಿಟ್. 1980ರ ಸೆಪ್ಟೆಂಬರಿನಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂರೂ ಕಂಪನಿಗಳು ಸೇರಿ ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ ಈಥರ್ನೆಟ್‌ನ ನಿಯಮಪುಸ್ತಕ ಹೊರತಂದವು. ಒಂದು ಕಂತಿನಲ್ಲಿ, ಅಂದರೆ ಒಂದು ಫ್ರೇಮಿನಲ್ಲಿ, ಹೆಚ್ಚೆಂದರೆ 1,500 ಬೈಟ್ ಹೊರಬಹುದು ಎಂದು ಅದರಲ್ಲಿ ಬರೆದಿತ್ತು.

ಅದು ಲೆಕ್ಕಾಚಾರದಿಂದ ಸಿದ್ಧಪಟ್ಟ ಅಂಕಿಯಲ್ಲ, ಹೊಂದಾಣಿಕೆಯ ಅಂಕಿ. ಕೇಬಲ್ ಒಂದೇ, ಮಾತಾಡುವವರು ಹಲವರು. ಒಂದು ಯಂತ್ರ ದೀರ್ಘಕಾಲ ಕೇಬಲ್ ಹಿಡಿದುಕೊಂಡರೆ ಉಳಿದವರು ಕಾಯಬೇಕು. 1,500 ಬೈಟ್ ಎಂದರೆ 12,000 ಬಿಟ್. ಆ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು, ಅಷ್ಟೆ. ಜತೆಗೆ, ಬಂದ ಕಂತನ್ನು ಇಟ್ಟುಕೊಳ್ಳಲು ಪ್ರತಿ ನೆಟ್‌ವರ್ಕ್ ಕಾರ್ಡಿನಲ್ಲೂ ಮೆಮೊರಿ ಚಿಪ್ ಬೇಕು, ಆಗ ಅದು ದುಬಾರಿ. ಇವತ್ತು ಡೇಟಾ ಸೆಂಟರುಗಳಲ್ಲಿ ಸೆಕೆಂಡಿಗೆ 400 ಗಿಗಾಬಿಟ್‌ನ ಈಥರ್ನೆಟ್ ಇದೆ, ಅಂದಿನದಕ್ಕಿಂತ 40,000 ಪಟ್ಟು ವೇಗ. ಮೆಮೊರಿಯಂತೂ ಪುಡಿಗಾಸಿಗೆ ಸಿಗುತ್ತದೆ. ಒಳಗೊಳಗೇ 9,000 ಬೈಟಿನ ‘ಜಂಬೋ ಫ್ರೇಮ್’ ಬಳಸುವವರೂ ಇದ್ದಾರೆ. ಹೊರಗಿನ ಇಂಟರ್ನೆಟ್ಟಿನಲ್ಲಿ ಮಾತ್ರ 1,500 ಹಾಗೇ ನಿಂತಿದೆ. ಎಲ್ಲರೂ ಒಂದೇ ದಿನ ಬದಲಾಯಿಸಿಕೊಳ್ಳದ ಹೊರತು ಯಾರೊಬ್ಬರೂ ಬದಲಾಯಿಸುವಂತಿಲ್ಲವಲ್ಲ!

ಇಂಟರ್ನೆಟ್ಟಿಗೆ ಒಂದೇ ಬಗೆಯ ದಾರಿ ಇದ್ದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಅಂದು ಹತ್ತಾರು ಬಗೆಯ ಜಾಲಗಳಿದ್ದವು, ಒಂದೊಂದಕ್ಕೆ ಒಂದೊಂದು ಅಳತೆ. 1981ರಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ಐಪಿ ನಿಯಮದಲ್ಲಿ ಇದಕ್ಕೊಂದು ಪರಿಹಾರವಿತ್ತು: ದಾರಿಯಲ್ಲಿ ಕಿರಿದಾದ ಜಾಗ ಸಿಕ್ಕರೆ ರೂಟರ್ ಪ್ಯಾಕೆಟ್ಟನ್ನು ತುಂಡು ಮಾಡಲಿ, ಕೊನೆಯ ಯಂತ್ರ ಜೋಡಿಸಿಕೊಳ್ಳಲಿ. ಕೇಳಲು ಚೆನ್ನ. ನಡೆಸಲು ಹೋದರೆ, ಒಂದು ತುಂಡು ಕಳೆದುಹೋದರೂ ಇಡೀ ಪ್ಯಾಕೆಟ್ ದಂಡ. 1987ರಲ್ಲಿ ಕ್ರಿಸ್ಟೋಫರ್ ಕೆಂಟ್ ಮತ್ತು ಜೆಫ್ರಿ ಮೊಗಲ್, ಈ ತುಂಡರಿಸುವಿಕೆ ಹಾನಿಕರ ಎಂದು ಶೀರ್ಷಿಕೆಯಲ್ಲೇ ಸಾರಿ ಪ್ರಬಂಧ ಬರೆದರು. ಮೂರು ವರ್ಷದ ನಂತರ, 1990ರ ನವೆಂಬರಿನಲ್ಲಿ, ಅದೇ ಮೊಗಲ್ ಸ್ಟ್ಯಾನ್‌ಫರ್ಡಿನ ಸ್ಟೀವ್ ಡೀರಿಂಗ್ ಜತೆ ಸೇರಿ ಬೇರೆ ದಾರಿ ತೋರಿಸಿದರು. ಪ್ರತಿ ಪ್ಯಾಕೆಟ್ಟಿನ ಮೇಲೂ ‘ತುಂಡು ಮಾಡಬೇಡ’ ಎಂಬ ಗುರುತು ಹಾಕಿ ಕಳಿಸುವುದು. ಹಿಡಿಯದ ಜಾಗ ಬಂದರೆ ರೂಟರ್ ಅದನ್ನು ಬಿಸಾಡಿ, ಕಳಿಸಿದವನಿಗೆ ‘ಇಲ್ಲಿ ಇಷ್ಟೇ ಅಳತೆ’ ಎಂದು ಹಿಂದಿರುಗಿ ಹೇಳುವುದು. ಕಳಿಸಿದವನು ಅಳತೆ ತಗ್ಗಿಸಿ ಮತ್ತೆ ಕಳಿಸುವುದು. ಹಾಗೆ ಹಿಂದಿರುಗುವ ಸಂದೇಶ ಐಸಿಎಂಪಿ ಎಂಬ ಬಗೆಯದು. ಟೈಪ್ 3, ಕೋಡ್ 4 ಎಂದು ಅದರ ಗುರುತು.

ಊರಾಚೆಯ ರೈಲ್ವೆ ಕೆಳಸೇತುವೆಯನ್ನು ನೆನೆಸಿಕೊಳ್ಳಿ. ಬೈಕು, ಆಟೊ ಸಲೀಸಾಗಿ ದಾಟುತ್ತವೆ. ಕಬ್ಬು ಪೇರಿಸಿದ ಲಾರಿ ಬಂದರೆ, ಕಾವಲುಗಾರ ‘ಲೋಡು ಇಳಿಸಿ ಬನ್ನಿ’ ಎಂದು ವಾಪಸು ಕಳಿಸಬೇಕು. ಕಾವಲುಗಾರನನ್ನೇ ತೆಗೆದುಹಾಕಿ, ಬಂದ ಲಾರಿಗಳನ್ನು ಸದ್ದಿಲ್ಲದೆ ಹಳ್ಳಕ್ಕೆ ತಳ್ಳಿದರೆ ಹೇಗೆ? ಕಾರ್ಖಾನೆಯವರಿಗೆ ಲಾರಿ ಯಾಕೆ ಬರಲಿಲ್ಲ ಎಂದೇ ತಿಳಿಯದು, ಅದೇ ಎತ್ತರಕ್ಕೆ ಪೇರಿಸಿ ಇನ್ನೊಂದು ಲಾರಿ ಕಳಿಸುತ್ತಾರೆ.

ನೆಟ್‌ವರ್ಕ್ ಪ್ರಪಂಚದಲ್ಲಿ ನಡೆದದ್ದು ಇದೇ. 1996ರ ಕೊನೆಗೆ ‘ಪಿಂಗ್ ಆಫ್ ಡೆತ್’ ಎಂಬ ದಾಳಿ ಬಯಲಿಗೆ ಬಂತು: 65,535 ಬೈಟಿನ ಮಿತಿ ಮೀರುವಂತೆ ಕುತಂತ್ರದಿಂದ ಹೆಣೆದ ಒಂದು ಪಿಂಗ್‌ಗೆ ಕಂಪ್ಯೂಟರ್ ಮಗುಚಿಕೊಳ್ಳುತ್ತಿತ್ತು. ಅದರ ಬೆನ್ನಿಗೆ ‘ಸ್ಮರ್ಫ್’ ದಾಳಿ. ಎರಡಕ್ಕೂ ಬಳಕೆಯಾದದ್ದು ಐಸಿಎಂಪಿ. ಹೆದರಿದ ಅಡ್ಮಿನ್‌ಗಳು ಫೈರ್‌ವಾಲಿನಲ್ಲಿ ಐಸಿಎಂಪಿಯನ್ನು ಸಾರಾಸಗಟಾಗಿ ಮುಚ್ಚಿದರು. ಪಿಂಗ್ ನಿಂತಿತು, ಜತೆಗೆ ಟೈಪ್ 3, ಕೋಡ್ 4 ಕೂಡ ನಿಂತಿತು. ಕಂಪ್ಯೂಟರುಗಳಲ್ಲಿನ ಆ ದೋಷ ಬೇಗನೆ ಸರಿಹೋಯಿತು. ಫೈರ್‌ವಾಲಿನ ಆ ಸಾಲು ಮಾತ್ರ ಒಬ್ಬ ಅಡ್ಮಿನ್‌ನಿಂದ ಮುಂದಿನವನಿಗೆ ಪಿತ್ರಾರ್ಜಿತವಾಗಿ ಇಳಿಯಿತು. 2000ದ ಹೊತ್ತಿಗೆ ಇಂಥ ಜಾಗಗಳಿಗೆ ‘ಬ್ಲ್ಯಾಕ್ ಹೋಲ್’ ಎಂದು ಹೆಸರಿಟ್ಟು, ಅವುಗಳ ತೊಂದರೆಯನ್ನು ಇಂಟರ್ನೆಟ್ ದಾಖಲೆಗಳಲ್ಲೇ ಬರೆದಿಡಬೇಕಾಯಿತು.

ವಿಪಿಎನ್ ಬಂದದ್ದೂ ಇದೇ ಕಾಲದಲ್ಲಿ. ಅದಕ್ಕೂ ಮೊದಲು ದೂರದ ಆಫೀಸಿಗೆ ಫೈಲ್ ಕಳಿಸಬೇಕಾದರೆ ಸ್ವಂತ ದಾರಿಯೇ ಬೇಕಿತ್ತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಸಾರ್ವಜನಿಕ ಇಂಟರ್ನೆಟ್ಟಿನೊಳಗೇ ಗುಟ್ಟಿನ ಸುರಂಗ ತೋಡಿದರೆ ಈ ಖರ್ಚು ಉಳಿಯುತ್ತದಲ್ಲ ಎಂಬುದು ವಿಪಿಎನ್‌ನ ಹುಟ್ಟು. 1993ರಲ್ಲಿ ಜಾನ್ ಅಯೊನಿಡಿಸ್ ಮತ್ತು ಮ್ಯಾಟ್ ಬ್ಲೇಜ್ ಇಂಥದ್ದೊಂದನ್ನು ಮಾಡಿ ತೋರಿಸಿದರು. 1995ರಲ್ಲಿ ಐಪಿಸೆಕ್ ನಿಯಮ ಬಂತು, 1996ರ ವಿಂಡೋಸ್ ಎನ್‌ಟಿಯಲ್ಲಿ ಪಿಪಿಟಿಪಿ, 2001ರಲ್ಲಿ ಜೇಮ್ಸ್ ಯೋನನ್ ಅವರ ಓಪನ್ ವಿಪಿಎನ್. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನಲ್ಲಿನೊಳಗೇ ಸೇರಿದ ವೈರ್‌ಗಾರ್ಡ್ ಈ ಸಾಲಿನ ಕಿರಿಯ.

ಯಾವುದೇ ಆಗಲಿ, ಮಾಡುವುದು ಒಂದನ್ನೇ: ನಿಮ್ಮ ಪ್ಯಾಕೆಟ್ಟನ್ನು ಗೂಢಲಿಪಿಯಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ವಿಳಾಸ ಬರೆಯುವುದು. ಆ ಸುತ್ತಿಗೂ ಜಾಗ ಬೇಕು. ವೈರ್‌ಗಾರ್ಡ್ ಐಪಿಯ ಹಳೆಯ ಆವೃತ್ತಿ ಐಪಿವಿ4 ಮೇಲೆ 60 ಬೈಟ್ ತಿನ್ನುತ್ತದೆ, ಹೊಸ ಆವೃತ್ತಿ ಐಪಿವಿ6 ಮೇಲೆ 80. ಅದರ ಸುರಂಗದೊಳಗಿನ ಅಳತೆ ಸಾಮಾನ್ಯವಾಗಿ 1,420 ಇರುವುದು ಅದಕ್ಕೇ. 80 ಕೂಡಿದರೆ ಸರಿಯಾಗಿ 1,500. ಇಷ್ಟು ಚೊಕ್ಕ ಲೆಕ್ಕವೂ ಮನೆಯ ರೂಟರಿನಲ್ಲಿ ಕೈಕೊಡುತ್ತದೆ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನಂಥ ಕಡೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸಂಪರ್ಕ ತೆಗೆದುಕೊಳ್ಳುವ ಪಿಪಿಪಿಓಇ ಪದ್ಧತಿಯಿದೆ. 1999ರ ಆ ಪದ್ಧತಿ ತನ್ನ ಪಾಲಿಗೆ 8 ಬೈಟ್ ಹಿಡಿದುಕೊಳ್ಳುತ್ತದೆ. ಉಳಿದದ್ದು 1,492. ಅದರ ಮೇಲೆ ಐಪಿವಿ6 ಮೂಲಕ ವೈರ್‌ಗಾರ್ಡ್ ಓಡಿಸಿದರೆ ತುಂಬಿದ ಪ್ಯಾಕೆಟ್ 8 ಬೈಟಿನಷ್ಟು ಹೊರಗೆ ಚಾಚುತ್ತದೆ. ಐಪಿವಿ6ನಲ್ಲಿ ರೂಟರ್ ತುಂಡು ಮಾಡುವಂತೆಯೇ ಇಲ್ಲ. ‘ದೊಡ್ಡದಾಯಿತು’ ಎಂಬ ಸಂದೇಶ ಹಿಂದಿರುಗದಿದ್ದರೆ ಅಲ್ಲಿಗೆ ಮುಗಿಯಿತು. ಲಾಗಿನ್, ಚಾಟ್, ಸಣ್ಣ ಮೇಲ್ ಎಲ್ಲ ಪುಟ್ಟ ಪ್ಯಾಕೆಟ್ಟುಗಳು, ದಾಟುತ್ತವೆ. ದೊಡ್ಡ ಫೈಲ್ ಮಾತ್ರ ಪ್ರತಿ ಪ್ಯಾಕೆಟ್ಟನ್ನೂ ಕಂಠಮಟ್ಟ ತುಂಬಿ ಕಳಿಸುತ್ತದೆ.

ಇದಕ್ಕೆ ಕಂಡುಕೊಂಡ ಮದ್ದು ಒಂದು ಸದುದ್ದೇಶದ ಫೋರ್ಜರಿ. ಟಿಸಿಪಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ‘ನಾನು ಒಂದು ಕಂತಿಗೆ ಇಷ್ಟು ತೆಗೆದುಕೊಳ್ಳಬಲ್ಲೆ’ ಎಂದು ಹೇಳಿಕೊಳ್ಳುತ್ತಾರೆ, ಸಾಮಾನ್ಯವಾಗಿ 1,460. ನಡುವಿನ ರೂಟರ್ ಆ ಅಂಕಿಯನ್ನು ಗುಟ್ಟಾಗಿ ತಿದ್ದಿ ಕಡಿಮೆ ಮಾಡುತ್ತದೆ. ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎನ್ನುತ್ತಾರೆ. ಲಿನಕ್ಸ್ ಫೈರ್‌ವಾಲಿನ ಕೈಪಿಡಿಯಲ್ಲಿ ಈ ಸೌಲಭ್ಯದ ವಿವರಣೆಯೊಳಗೇ, ಐಸಿಎಂಪಿ ಮುಚ್ಚಿದವರಿಗೆ ಮುಖ ಮೂತಿ ನೋಡದ ಬೈಗುಳವಿದೆ. ಒಣ ಕೈಪಿಡಿಯೊಂದು ಹಾಗೆ ಸಿಟ್ಟಾಗಿರುವುದು ಅಪರೂಪ. ನನಗಂತೂ ಆ ಸಿಟ್ಟು ನ್ಯಾಯವೆನಿಸುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ 1,500ರ ತಲೆಗೆ ಕಟ್ಟಬಾರದು. ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಶುರುವಿನಲ್ಲೇ, ಪ್ರತಿ ಸಲವೂ ಅಲ್ಲೇ ಕಚ್ಚಿಕೊಂಡರೆ ಅಳತೆಯದೇ ತೊಂದರೆ. ಗಡಿಯಾರ ಇಟ್ಟಂತೆ ಗಂಟೆಗೊಮ್ಮೆ ಕಳಚಿದರೆ ಕೀಲಿ ಬದಲಾಯಿಸುವ ಗಡುವು ನೋಡಬೇಕು. ಓಪನ್ ವಿಪಿಎನ್ ತಾನಾಗಿ 3,600 ಸೆಕೆಂಡಿಗೊಮ್ಮೆ ಕೀಲಿ ಹೊಸದು ಮಾಡುತ್ತದೆ. ಪಾಸ್‌ವರ್ಡಿಗೆ ಒಟಿಪಿ ಜೋಡಿಸಿದ್ದರೆ ಹಳೆಯ ಒಟಿಪಿ ಆಗ ನಡೆಯುವುದಿಲ್ಲ, ನೀವು ಊಟಕ್ಕೆ ಎದ್ದು ಹೋಗಿದ್ದಾಗ ಫೈಲ್ ನಡುದಾರಿಯಲ್ಲಿ ನಿಲ್ಲುತ್ತದೆ.

ಹೊತ್ತುಗೊತ್ತಿಲ್ಲದೆ, ಅದರಲ್ಲೂ ಅಪ್‌ಲೋಡ್ ಮಾಡುವಾಗಲೇ ಕಳಚುವುದಿದ್ದರೆ ಅದರ ಹಿಂದೆ ಇನ್ನೊಂದು ಕತೆಯಿದೆ. 2010ರಲ್ಲಿ ಬೆಲ್ ಲ್ಯಾಬ್ಸ್‌ನ ಜಿಮ್ ಗೆಟ್ಟಿಸ್ ಮನೆಯಿಂದ ಎಂಐಟಿಗೆ ದೊಡ್ಡ ಫೈಲುಗಳನ್ನು ಕಳಿಸುತ್ತಿದ್ದಾಗ ಮನೆಯ ಇಂಟರ್ನೆಟ್ ಉಳಿದ ಯಾವ ಕೆಲಸಕ್ಕೂ ಬಾರದಂತಾಯಿತು. ಹುಡುಕುತ್ತ ಹೋದರೆ ಪ್ಯಾಕೆಟ್ ಹೋಗಿ ಬರಲು ಒಂದು ಸೆಕೆಂಡಿಗೂ ಮೀರಿ ಹಿಡಿಯುತ್ತಿತ್ತು. ಮೆಮೊರಿ ಅಗ್ಗವಾಯಿತೆಂದು ಮೋಡೆಮ್ ತಯಾರಕರು ವಿಪರೀತ ದೊಡ್ಡ ಬಫರ್ ಇಟ್ಟಿದ್ದರು. ಫೈಲಿನ ಪ್ಯಾಕೆಟ್ಟುಗಳೇ ಅಲ್ಲಿ ಸಾಲುಗಟ್ಟಿದ್ದವು. ಗೆಟ್ಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 1980ರಲ್ಲಿ ಮೆಮೊರಿ ದುಬಾರಿಯಾಗಿ ಒಂದು ತೊಡಕು, 2010ರಲ್ಲಿ ಅಗ್ಗವಾಗಿ ಇನ್ನೊಂದು! ವಿಪಿಎನ್‌ನ ಎರಡು ತುದಿಗಳು ‘ಇದ್ದೀಯಾ?’, ‘ಇದ್ದೀನಿ’ ಎಂದು ಆಗಾಗ ಕೇಳಿಕೊಳ್ಳುತ್ತಿರುತ್ತವೆ. ಆ ಪುಟ್ಟ ಉತ್ತರ ಸಾಲಿನ ಹಿಂದೆ ಸಿಕ್ಕಿಬಿದ್ದರೆ, ಅಥವಾ ತುಂಬಿ ತುಳುಕುವ ಬಫರಿನಲ್ಲಿ ಬಿದ್ದೇ ಹೋದರೆ, ಆಚೆಯ ತುದಿ ನೀವು ಸತ್ತಿರೆಂದು ತಿಳಿದು ಸಂಪರ್ಕ ಮುಚ್ಚುತ್ತದೆ. ಕಳಿಸುವ ವೇಗವನ್ನು ನಿಮ್ಮ ಅಪ್‌ಲೋಡ್ ಮಿತಿಗಿಂತ ತುಸು ಕೆಳಗಿಟ್ಟರೆ ಸಾಕು, ಫೈಲ್ ನಿಧಾನವಾಗಿಯಾದರೂ ತಲುಪುತ್ತದೆ. 2012ರ ಕೋಡೆಲ್‌ನಂಥ ಸಾಲು ನಿಭಾಯಿಸುವ ತಂತ್ರವಿರುವ ರೂಟರ್ ಇದ್ದರೆ ಅಷ್ಟೂ ಬೇಡ.

ಅಳತೆ ಪರೀಕ್ಷಿಸುವುದು ಸುಲಭ. ವಿಂಡೋಸ್‌ನ ಪಿಂಗ್ ಆದೇಶಕ್ಕೆ ತುಂಡು ಮಾಡಬೇಡವೆನ್ನುವ ‘ಎಫ್’ ಗುರುತು, ಅಳತೆ ಹೇಳುವ ‘ಎಲ್’ ಗುರುತು ಕೊಟ್ಟು 1472 ಎಂದು ಹಾಕಿ. ತಲೆಬರಹದ 28 ಸೇರಿ 1,500 ಆಗುತ್ತದೆ. ವಿಪಿಎನ್ ಒಳಗಿಂದ ಆಫೀಸಿನ ಸರ್ವರಿಗೆ ಇದೇ ಪರೀಕ್ಷೆ ಮಾಡಿ, ಉತ್ತರ ಬರುವ ತನಕ ಇಳಿಸುತ್ತ ಹೋಗಿ. ಸಿಕ್ಕ ಅಂಕಿಗೆ 28 ಕೂಡಿಸಿದರೆ ನಿಮ್ಮ ದಾರಿಯ ನಿಜವಾದ ಅಳತೆ. ವಿಪಿಎನ್‌ನ ಎಂಟಿಯು ಎಂಬಲ್ಲಿ ಅದನ್ನು ಬರೆಯಿರಿ, ಇಲ್ಲವೇ ಹೆಲ್ಪ್‌ಡೆಸ್ಕಿಗೆ ಆ ಅಂಕಿಯನ್ನೇ ಹೇಳಿ. ‘ನೆಟ್ ಸ್ಲೋ’ ಎಂಬ ದೂರಿಗಿಂತ ಅಂಕಿಗೆ ಬೆಲೆ ಹೆಚ್ಚು.

2020ರ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ ನಿಯಮ ಸಡಿಲಿಸಿ ಐಟಿ, ಬಿಪಿಒ ನೌಕರರಿಗೆ ಮನೆಯಿಂದ ವಿಪಿಎನ್ ಮೂಲಕ ದುಡಿಯಲು ಅವಕಾಶ ಕೊಟ್ಟಾಗ, ಆಫೀಸಿನ ಲೀಸ್ಡ್ ಲೈನಿನಲ್ಲಿದ್ದವರೆಲ್ಲ ಒಮ್ಮೆಲೇ ಇಂಥ ಸಾಮಾನ್ಯ ಮನೆ ಸಂಪರ್ಕಗಳ ಮೇಲೆ ಬಂದರು. ಇತ್ತ ಇಂಟರ್ನೆಟ್ಟಿನ ಹೊಸ ನಿಯಮಾವಳಿಗಳು ‘ದೊಡ್ಡದಾಯಿತು’ ಎಂದು ಹಿಂದಿರುಗುವ ಸಂದೇಶವನ್ನು ನಂಬುವುದನ್ನೇ ಬಿಡುತ್ತಿವೆ. 2007ರಲ್ಲಿ ಮ್ಯಾಟ್ ಮ್ಯಾಥಿಸ್ ಮತ್ತು ಜಾನ್ ಹೆಫ್ನರ್, ಕಳಿಸುವ ಯಂತ್ರ ತಾನೇ ದೊಡ್ಡ ಪ್ಯಾಕೆಟ್ ಕಳಿಸಿ ತಲುಪಿತೇ ಎಂದು ನೋಡಿ ಅಳತೆ ಕಂಡುಕೊಳ್ಳುವ ವಿಧಾನ ಬರೆದರು. 2021ರ ಕ್ವಿಕ್ ಎಂಬ ನಿಯಮಾವಳಿ 1,200 ಬೈಟಿನಿಂದ ಶುರುಮಾಡಿ ಎಚ್ಚರಿಕೆಯಿಂದ ಮೇಲೇರುತ್ತದೆ. ಇವು ಜಾಣ ಉಪಾಯಗಳೇ. ಆದರೆ ಎಷ್ಟೋ ವಿಪಿಎನ್‌ಗಳ ಒಳಗೆ ಇವತ್ತಿಗೂ ಓಡುತ್ತಿರುವುದು ಹಳೆಯ ಪದ್ಧತಿಯೇ, ಅದಕ್ಕೆ ಆ ಒಂದು ಸಂದೇಶ ಬೇಕೇ ಬೇಕು. ಆಫೀಸುಗಳಲ್ಲಿ ಫೈರ್‌ವಾಲ್ ನೋಡಿಕೊಳ್ಳುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪಿಂಗ್ ಬೇಕಾದರೆ ಮುಚ್ಚಿಕೊಳ್ಳಿ. ಐಪಿವಿ4ನಲ್ಲಿ ಟೈಪ್ 3, ಕೋಡ್ 4 ಮತ್ತು ಐಪಿವಿ6ನಲ್ಲಿ ಟೈಪ್ 2 ಅನ್ನು ಮಾತ್ರ ಮುಚ್ಚಬೇಡಿ.