ಹಾಲಿಲ್ಲದ ಮನೆಯ ಮಗುವಿಗೆ ಏನು ಉಣಿಸೋಣ?



ನಿಮ್ಮ ಮನೆಯಲ್ಲಿ ಸಣ್ಣ ಮಗು ಇದೆಯೇ? ಊಟಕ್ಕೆ ಕೂಡ್ರಿಸಿದರೆ ಬಾಯಿ ಬಿಗಿ ಹಿಡಿಯುತ್ತದೆಯೇ? ರೊಟ್ಟಿ ಒಲ್ಲೆ, ಪಲ್ಯ ಒಲ್ಲೆ ಅನ್ನುತ್ತದೆಯೇ? ಚಹಾ ಬಿಸ್ಕೀಟು ಮಾತ್ರ ಕೇಳುತ್ತದೆಯೇ? ಹಾಗಿದ್ದರೆ ಈ ಮಾತು ನಿಮಗಾಗಿಯೇ ಬರೆದದ್ದು.

ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಕಡೆಯ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳು ಶಾಕಾಹಾರಿ. ಮಾಂಸ ಇಲ್ಲ, ತತ್ತಿ ಇಲ್ಲ. ಎಮ್ಮೆ ಇದ್ದರೂ ಹಾಲು ನಸುಕಿನಲ್ಲೇ ಡೇರಿಗೆ ಹೋಗುತ್ತದೆ. ಉಳಿದ ನಾಲ್ಕು ಚಮಚ ಚಹಾಕ್ಕೆ ಆಗುತ್ತದೆ. ಕೆಲವು ಮಕ್ಕಳು ಹಾಲಿನ ವಾಸನೆ ಬಂದರೇ ಮುಖ ತಿರುವುತ್ತವೆ. ಕೆಲವು ಮಕ್ಕಳಿಗೆ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ಕಬ್ಬು ಕಡಿಯಲು ಊರು ಬಿಟ್ಟು ಹೋದವರಿಗೆ ದಿನಾ ಹಾಲು ಸಿಗುವುದಿಲ್ಲ. ದನಕರುಗಳಿಗೆ ನೋವಾಗಬಾರದು ಎಂದು ಬೇಕಂತಲೇ ಹಾಲು, ತುಪ್ಪ ಬಿಟ್ಟವರೂ ಈಗ ಇದ್ದಾರೆ. ಅಂಥವರಿಗೆ ಪಟ್ಟಣದಲ್ಲಿ ‘ವೀಗನ್’ ಅನ್ನುತ್ತಾರೆ.

ಕಾರಣ ಬೇರೆ ಬೇರೆ. ಮಗುವಿನ ತಾಟಿನಲ್ಲಿ ಮಾತ್ರ ಒಂದೇ ಸಂಗತಿ. ಹಾಲಿಲ್ಲ, ತತ್ತಿ ಇಲ್ಲ, ಮಾಂಸ ಇಲ್ಲ.

“ಇಂಥಾ ಕೂಸು ಗಟ್ಟಿ ಬೆಳೀತದೇನ್ರಿ?” ಎಂದು ತಾಯಂದಿರು ಕೇಳುತ್ತಾರೆ. ಬೆಳೆಯುತ್ತದೆ. ಮಗುವಿಗೆ ಬೇಕಾದ ಬಹಳಷ್ಟು ಸತ್ವ ಹೊಲದ ಕಾಳಿನಲ್ಲಿ, ಹಿತ್ತಲಿನ ಸೊಪ್ಪಿನಲ್ಲಿ ಇದೆ. ಆದರೆ ನಾವು ಮೂರು ಮಾತು ತಿಳಿದಿರಬೇಕು. ಯಾವುದರ ಜೊತೆ ಯಾವುದನ್ನು ಕೊಡಬೇಕು? ಮಗು ಒಲ್ಲೆ ಅಂದರೆ ಏನು ಮಾಡಬೇಕು? ಕಾಳು ಸೊಪ್ಪಿನಲ್ಲಿ ಸಿಗದ ಒಂದು ಸತ್ವವನ್ನು ಎಲ್ಲಿಂದ ತರಬೇಕು?

ತಾಯಿ ಹಾಲಿನ ಮಾತು ಬೇರೆ. ಅದನ್ನು ಯಾವ ಮಗುವಿಗೂ ತಪ್ಪಿಸಬಾರದು. 6 ತಿಂಗಳವರೆಗೆ ತಾಯಿ ಹಾಲು ಮಾತ್ರ. ನೀರೂ ಬೇಡ. ಆಮೇಲೆ ಊಟದ ಜೊತೆಗೆ 2 ವರ್ಷ ತುಂಬುವವರೆಗೂ, ಅದರ ಆಚೆಗೂ ಮೊಲೆ ಹಾಲು ಕುಡಿಸಬಹುದು.

ಜೋಳಕ್ಕೆ ಬೇಳೆ ಜೋಡಿ

ಒಂದೇ ಎತ್ತಿನಿಂದ ಹೊಲ ಊಳಲು ಆಗುತ್ತದೆಯೇ? ಜೋಡಿ ಎತ್ತು ಬೇಕು. ಊಟವೂ ಹಾಗೆಯೇ.

ಮೈ ಬೆಳೆಸುವ ಸತ್ವಕ್ಕೆ ಪ್ರೋಟೀನ್ ಅನ್ನುತ್ತಾರೆ. ಜೋಳದಲ್ಲಿ ಪ್ರೋಟೀನ್ ಇದೆ, ಆದರೆ ಅದರಲ್ಲಿ ಒಂದು ಕೊರತೆ ಇದೆ. ಆ ಕೊರತೆಯನ್ನು ಬೇಳೆ ತುಂಬುತ್ತದೆ. ಬೇಳೆಯ ಕೊರತೆಯನ್ನು ಜೋಳ ತುಂಬುತ್ತದೆ. ಆದ್ದರಿಂದ ಮಗುವಿಗೆ ಬರೀ ರೊಟ್ಟಿ, ಬರೀ ಅನ್ನ ಕೊಡಬೇಡಿರಿ. ಜೊತೆಗೆ ತೊಗರಿ, ಹೆಸರು, ಮಡಕಿ, ಅಲಸಂದಿ, ಕಡಲೆ ಇವುಗಳಲ್ಲಿ ಯಾವುದಾದರೂ ಒಂದು ಇರಲಿ. ಝುಣಕ ರೊಟ್ಟಿ ಒಳ್ಳೆ ಜೋಡಿ. ಹೆಸರುಬೇಳೆ ಕಿಚಡಿ ಒಳ್ಳೆ ಜೋಡಿ.

ನಮ್ಮ ಸೋಲಾಪುರದ ಶೇಂಗಾ ಚಟ್ನಿ ದೂರ ದೂರದ ಊರಿಗೆ ಹೋಗುತ್ತದೆ. ಶೇಂಗಾ ಬಡವರ ಮನೆಯ ದೊಡ್ಡ ಆಸ್ತಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. 100 ಗ್ರಾಂ ಜೋಳದಲ್ಲಿ ಇರುವುದು ಸುಮಾರು 10 ಗ್ರಾಂ. ಮಗುವಿಗಾಗಿ ಖಾರ ಹಾಕದ ಶೇಂಗಾ ಪುಡಿ ಬೇರೆ ಕುಟ್ಟಿ ಇಡಿರಿ. ಆದರೆ ಒಂದು ಎಚ್ಚರ. 5 ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ ಕಾಳು ಕೊಡಬೇಡಿರಿ. ಗಂಟಲಲ್ಲಿ ಸಿಕ್ಕಿಬಿದ್ದರೆ ಉಸಿರು ಕಟ್ಟುತ್ತದೆ. ಪುಡಿ ಮಾಡಿಯೇ ಕೊಡಿರಿ. ಬೂಸು ಹಿಡಿದ ಶೇಂಗಾ ಯಾರಿಗೂ ಬೇಡ. ಅದರಲ್ಲಿ ವಿಷ ಇರುತ್ತದೆ.

ಹೊಟ್ಟೆ ಸಣ್ಣದು, ಊಟ ಗಟ್ಟಿ ಇರಲಿ

ಒಂದು ವರ್ಷದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಕಾಲು ಲೀಟರಿನಷ್ಟು ಮಾತ್ರ ಹಿಡಿಯುತ್ತದೆ. ತೆಳ್ಳನೆ ಅಂಬಲಿ, ಬೇಳೆಯ ಕಟ್ಟು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕಟ್ಟಿನಲ್ಲಿ ನೀರೇ ಹೆಚ್ಚು. ಬೇಳೆಯನ್ನೇ ಹಿಸುಕಿ ಕೊಡಿರಿ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು. ಅಷ್ಟು ಗಟ್ಟಿ ಇರಬೇಕು.

ಪ್ರತಿ ಊಟಕ್ಕೆ ಒಂದು ಸಣ್ಣ ಚಮಚ ಕುಸುಬಿ ಎಣ್ಣೆ ಇಲ್ಲವೆ ಶೇಂಗಾ ಎಣ್ಣೆ ಹಾಕಿರಿ. ಸಣ್ಣ ಹೊಟ್ಟೆಗೆ ಹೆಚ್ಚು ಕಸುವು ಸಿಗುತ್ತದೆ. ನಮ್ಮ ಕಡೆಯ ಮುಟಗಿ ಇದಕ್ಕೆ ಬಲು ಚಲೋ. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಉಪ್ಪು ಹಾಕಿ ಕುಟ್ಟಿ, ಎಣ್ಣೆ ಹಾಕಿ ಉಂಡೆ ಕಟ್ಟುತ್ತೀರಿ. ಮಗುವಿನ ಮುಟಗಿಗೆ ಮೆಣಸಿನಕಾಯಿ ಬೇಡ. ಎರಡು ಚಮಚ ಶೇಂಗಾ ಪುಡಿ ಸೇರಿಸಿರಿ. ಮಗು ಕೈಯಲ್ಲಿ ಹಿಡಿದು ತಾನೇ ತಿನ್ನುತ್ತದೆ.

6 ತಿಂಗಳು ತುಂಬಿದ ಮೇಲೆ ದಿನಕ್ಕೆ 2-3 ಸಲ ಉಣಿಸಿರಿ. 9 ತಿಂಗಳಿಂದ 2 ವರ್ಷದವರೆಗೆ 3-4 ಸಲ ಊಟ ಬೇಕು. ನಡುವೆ ಒಂದೆರಡು ಸಲ ಹಣ್ಣು, ಉಂಡೆ ಕೊಡಿರಿ.

ರಕ್ತಕ್ಕೆ ಏನು, ಎಲುಬಿಗೆ ಏನು?

ರಕ್ತಕ್ಕೆ ಕಬ್ಬಿಣದ ಸತ್ವ ಬೇಕು. ಸಜ್ಜೆ, ಮೊಳಕೆ ಬಂದ ಮಡಕಿ ಕಾಳು, ರಾಜಗಿರಿ, ಮೆಂತೆ ಪಲ್ಯ ಇವುಗಳಲ್ಲಿ ಅದು ಇದೆ. ಆದರೆ ಕಾಳು ಸೊಪ್ಪಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಹುಳಿ ಇದ್ದರೆ ಹತ್ತುತ್ತದೆ. ಉಸುಳಿಗೆ ಅರ್ಧ ಲಿಂಬೆ ಹಿಂಡಿರಿ. ಊಟದ ಜೊತೆ ಪೇರಲ ಹಣ್ಣು, ಟೊಮೆಟೊ, ನೆಲ್ಲಿಕಾಯಿ ಕೊಡಿರಿ. ಕಾಳನ್ನು ಮೊಳಕೆ ಬರಿಸಿದರೂ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಚಹಾ ಇದರ ಶತ್ರು. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸೇರದೆ ಹೊರಗೆ ಹೋಗುತ್ತದೆ. ಸಣ್ಣ ಮಕ್ಕಳಿಗೆ ಚಹಾ ಬೇಡವೇ ಬೇಡ.

ಎಲುಬು, ಹಲ್ಲಿಗೆ ಸುಣ್ಣದ ಸತ್ವ ಬೇಕು. ಹಾಲಿಲ್ಲದಿದ್ದರೆ ಎಳ್ಳು ಇದೆ. ರಾಗಿ ಇದೆ. ಇದನ್ನು ಮರಾಠಿಯವರು ನಾಚಣಿ ಅನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವ ಇದೆ. ಅಷ್ಟೇ ತೂಕದ ಆಕಳ ಹಾಲಿನಲ್ಲಿ ಸುಮಾರು 120 ಇದೆ. ನುಗ್ಗೆ ಸೊಪ್ಪಿನಲ್ಲೂ ಬಹಳ ಇದೆ. ಮಗು ಮುಂಜಾನೆ ಸ್ವಲ್ಪ ಹೊತ್ತು ಬಿಸಿಲಲ್ಲಿ ಆಡಲಿ. ಬಿಸಿಲು ತಾಗಿದರೆ ಈ ಸತ್ವ ಎಲುಬಿಗೆ ಸೇರುತ್ತದೆ.

ಭೋಗಿ ಹಬ್ಬವನ್ನು ನೆನೆಯಿರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಡಲೆ, ಅವರೆ, ಗಜ್ಜರಿ, ಬದನೆ ಹಾಕಿದ ಪಲ್ಯ, ಶೇಂಗಾ ಚಟ್ನಿ. ಕಸುವು, ಪ್ರೋಟೀನ್, ಕಬ್ಬಿಣ, ಸುಣ್ಣ ಎಲ್ಲವೂ ಒಂದೇ ತಾಟಿನಲ್ಲಿ ಬಂತಲ್ಲವೇ? ಹಿರಿಯರು ಹಬ್ಬಕ್ಕೆ ಮಾಡಿದ್ದನ್ನು ನಾವು ವಾರಕ್ಕೆ ಎರಡು ಸಲ ಮಾಡೋಣ.

ಮಗು “ಒಲ್ಲೆ” ಅಂದಾಗ

ಹುಟ್ಟಿದಾಗ 3 ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಸುಮಾರು 9 ಕಿಲೋ ಆಗುತ್ತದೆ. ಮುಂದಿನ ಒಂದು ವರ್ಷದಲ್ಲಿ ಎರಡು, ಎರಡೂವರೆ ಕಿಲೋ ಮಾತ್ರ ಏರುತ್ತದೆ. ಬೆಳವಣಿಗೆ ನಿಧಾನ ಆದಾಗ ಹಸಿವೂ ಕಡಿಮೆ ಆಗುತ್ತದೆ. ಆದ್ದರಿಂದ ಈ ವಯಸ್ಸಿನ ಮಕ್ಕಳು ಹಟ ಮಾಡುವುದು ಸಹಜ. ಗಾಬರಿ ಬೇಡ. ಮೂಗು ಹಿಡಿದು ತುರುಕುವುದೂ ಬೇಡ. ತುರುಕಿದರೆ ಮಗುವಿಗೆ ಊಟ ಅಂದರೇ ಅಂಜಿಕೆ ಆಗುತ್ತದೆ.

ಏನು ಕೊಡಬೇಕು, ಯಾವಾಗ ಕೊಡಬೇಕು ಎನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ಉಣ್ಣಬೇಕು ಎನ್ನುವುದು ಮಗುವಿನ ಕೈಯಲ್ಲಿರಲಿ. ಈ ಕೆಲವು ಉಪಾಯ ಮಾಡಿ ನೋಡಿರಿ.

1. ಹೊಸ ಪಲ್ಯವನ್ನು ಒಂದೇ ಚಮಚ ಬಡಿಸಿರಿ. ಪಕ್ಕದಲ್ಲಿ ಮಗು ಇಷ್ಟಪಡುವ ಒಂದು ಪದಾರ್ಥ ಇರಲಿ. ಇಂದು ಉಗುಳಿದರೆ ಬಿಡಿರಿ. ನಾಲ್ಕು ದಿನ ಬಿಟ್ಟು ಮತ್ತೆ ಬಡಿಸಿರಿ. ಎಂಟ್ಹತ್ತು ಸಲ ಕಂಡ ಮೇಲೆ ಎಷ್ಟೋ ಮಕ್ಕಳು ತಾವೇ ಬಾಯಿಗೆ ಹಾಕಿಕೊಳ್ಳುತ್ತವೆ.

2. ಸೊಪ್ಪು ಒಲ್ಲದ ಮಗುವಿಗೆ ಮೆಂತೆ, ನುಗ್ಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಥಾಲಿಪೆಟ್ಟಿನ ಹಿಟ್ಟಿನಲ್ಲಿ ಕಲಸಿರಿ.

3. ಸೊಪ್ಪು ಸೋಸುವಾಗ, ರೊಟ್ಟಿ ತಟ್ಟುವಾಗ ಮಗುವನ್ನು ಹತ್ತಿರ ಕೂಡ್ರಿಸಿಕೊಳ್ಳಿರಿ. ಒಂದು ಉಂಡೆ ಹಿಟ್ಟು ಕೊಡಿರಿ. ತಾನು ತಟ್ಟಿದ ರೊಟ್ಟಿಯನ್ನು ಮಗು ಬಿಡುವುದಿಲ್ಲ.

4. ಎಲ್ಲರೂ ಕೂಡಿ ಉಣ್ಣಿರಿ. ಅಪ್ಪ ಪಲ್ಯ ಉಂಡರೆ ಮಗುವೂ ಉಣ್ಣುತ್ತದೆ. ಆ ಹೊತ್ತಿಗೆ ಟಿ.ವಿ., ಮೊಬೈಲು ಬೇಡ.

5. ಊಟಕ್ಕೆ ಎರಡು ತಾಸು ಮೊದಲು ಬಿಸ್ಕೀಟು, ಐದು ರೂಪಾಯಿ ಪಾಕೀಟು ಕೊಡಬೇಡಿರಿ. ಈ ಮಾತನ್ನು ಆಯಿ, ಮುತ್ಯಾ ಅವರಿಗೂ ಪ್ರೀತಿಯಿಂದ ಹೇಳಿರಿ. ಅವರು ಅಕ್ಕರೆಯಿಂದ ಕೊಡುತ್ತಾರೆ. ಬಿಸ್ಕೀಟಿನ ಬದಲು ಅವರ ಕೈಯಲ್ಲಿ ಎಳ್ಳಿನ ಉಂಡೆ ಇಡಿರಿ.

ಮಾಡಿ ನೋಡಿರಿ: ಹೈದರಾಬಾದ್ ಮಿಶ್ರಣ

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಇದೆ. ಸೊರಗಿದ ಮಕ್ಕಳಿಗಾಗಿ ಅಲ್ಲಿಯವರು ಒಂದು ಹಿಟ್ಟು ತಯಾರಿಸಿದರು. ಅದಕ್ಕೆ ‘ಹೈದರಾಬಾದ್ ಮಿಶ್ರಣ’ ಎಂದು ಹೆಸರು. ಇದರಲ್ಲಿ ಹಾಲು ಇಲ್ಲ.

ಹುರಿದ ಗೋಧಿ 400 ಗ್ರಾಂ
ಪುಟಾಣಿ 160 ಗ್ರಾಂ
ಹುರಿದ ಶೇಂಗಾ 100 ಗ್ರಾಂ
ಬೆಲ್ಲ 200 ಗ್ರಾಂ

ಗೋಧಿ, ಪುಟಾಣಿ, ಶೇಂಗಾ ಮೂರನ್ನೂ ನುಣ್ಣಗೆ ಬೀಸಿರಿ. ಬೆಲ್ಲ ಪುಡಿ ಮಾಡಿ ಕಲಸಿರಿ. ಒಣ ಡಬ್ಬಿಯಲ್ಲಿ ಮುಚ್ಚಿ ಇಡಿರಿ. ಇದರಿಂದ 10 ಪಾಲು ಆಗುತ್ತದೆ. ಒಂದು ಪಾಲಿನಲ್ಲಿ 330 ಕ್ಯಾಲರಿ ಕಸುವು, 11 ಗ್ರಾಂ ಪ್ರೋಟೀನ್ ಇದೆ. ಒಂದು ಪಾಲನ್ನು ದಿನದಲ್ಲಿ ಎರಡು ಮೂರು ಸಲ ಮಾಡಿ ಕೊಡಿರಿ. ಕುದಿಸಿದ ನೀರಿನಲ್ಲಿ ಕಲಸಿ ಗಟ್ಟಿ ಗಂಜಿ ಮಾಡಬಹುದು. ದೊಡ್ಡ ಮಗುವಿಗೆ ಉಂಡೆ ಕಟ್ಟಬಹುದು. ಕಬ್ಬಿನ ಕೆಲಸಕ್ಕೆ ಹೋಗುವವರು ಡಬ್ಬಿ ತುಂಬಿಕೊಂಡು ಹೋಗಬಹುದು. ಒಲೆ ಹಚ್ಚಲು ಹೊತ್ತಿಲ್ಲದಾಗ ಇದು ಕೈ ಹಿಡಿಯುತ್ತದೆ.

ಕಾಳು ಸೊಪ್ಪಿನಲ್ಲಿ ಇಲ್ಲದ ಸತ್ವ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬಿ-12 ಎಂಬ ಒಂದು ಜೀವಸತ್ವ ಇದೆ. ಇದು ಬಹಳ ಸ್ವಲ್ಪ ಸಾಕು. ಆದರೆ ಬೇಕೇ ಬೇಕು. ರಕ್ತಕ್ಕೆ ಬೇಕು, ನರಕ್ಕೆ ಬೇಕು, ಮಿದುಳಿಗೆ ಬೇಕು. ಹಾಲು, ತತ್ತಿ, ಮಾಂಸದಲ್ಲಿ ಇದು ಇದೆ. ಜೋಳ, ಬೇಳೆ, ಸೊಪ್ಪು, ಹಣ್ಣಿನಲ್ಲಿ ಇಲ್ಲ. ಎಷ್ಟು ಚೆನ್ನಾಗಿ ಉಣಿಸಿದರೂ ಅವುಗಳಿಂದ ಇದು ಸಿಗುವುದಿಲ್ಲ.

ಇದು ಕಡಿಮೆ ಆದರೆ ಏನಾಗುತ್ತದೆ? ಮಗು ಬಿಳಿಚಿಕೊಳ್ಳುತ್ತದೆ. ಮಂಕಾಗುತ್ತದೆ. ನಗುವುದಿಲ್ಲ. ಕೂಡಲು, ನಿಲ್ಲಲು ಕಲಿತದ್ದನ್ನು ಮರೆಯುತ್ತದೆ. ಬೆರಳ ಗೆಣ್ಣು ಕಪ್ಪಾಗಬಹುದು. ಕೈಕಾಲು ನಡುಗಬಹುದು. “ದೃಷ್ಟಿ ಆಗೇದ” ಎಂದು ಮನೆಯಲ್ಲಿ ಕೂಡಬೇಡಿರಿ. ತಡ ಮಾಡಿದರೆ ಮಿದುಳಿಗೆ ಆದ ಪೆಟ್ಟು ಪೂರ್ತಿ ವಾಸಿ ಆಗದೆ ಉಳಿಯಬಹುದು.

ಹಾಲು, ತತ್ತಿ ತಿನ್ನದ ಬಸುರಿಗೂ ಬಾಣಂತಿಗೂ ಇದು ಕಡಿಮೆ ಇರುತ್ತದೆ. ಆಗ ಅವಳ ಮೊಲೆ ಹಾಲಿನಲ್ಲೂ ಕಡಿಮೆ ಆಗುತ್ತದೆ.

ಇದಕ್ಕೆ ಔಷಧ ಇದೆ. ಹನಿ, ಗುಳಿಗೆ, ಸೂಜಿ ಮೂರೂ ಸಿಗುತ್ತವೆ. ದವಾಖಾನೆಗೆ ಹೋಗಿ ಡಾಕ್ಟರರಿಗೆ ಹೀಗೆ ಹೇಳಿರಿ: “ನನ್ನ ಕೂಸು ಹಾಲು, ತತ್ತಿ, ಮಾಂಸ ಏನೂ ತಿನ್ನಾಂಗಿಲ್ಲ. ಬಿ-12 ಎಷ್ಟು ಕೊಡಬೇಕ್ರಿ?” ಈ ಒಂದು ಮಾತು ಸಾಕು. ಅವರು ಹೇಳಿದಷ್ಟು ಕೊಡಿರಿ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಸಿರಪ್ಪಿನಲ್ಲಿ ಬಿ-12 ಇಲ್ಲ. ಅದನ್ನೂ ಕೊಡಿರಿ, ಇದನ್ನೂ ಕೇಳಿರಿ.

ಮನೆಯಲ್ಲಿ ಎಮ್ಮೆ ಇದ್ದು, ಮಗು ಹಾಲು ಕುಡಿಯುವುದಿದ್ದರೆ ಒಂದು ಮಾತು. ಡೇರಿಯ ಕ್ಯಾನಿಗೆ ಸುರಿಯುವ ಮೊದಲು ಒಂದು ಲೋಟ ತೆಗೆದಿಡಿರಿ. ಅದು ಮಗುವಿನ ಪಾಲು.

ತೂಕ ನೋಡಿರಿ

ಮಗು ಉಂಡದ್ದು ಮೈಗೆ ಹತ್ತಿದೆಯೋ ಇಲ್ಲವೋ, ಹೇಗೆ ತಿಳಿಯಬೇಕು? ತೂಕ ಹೇಳುತ್ತದೆ. ತಿಂಗಳಿಗೊಮ್ಮೆ ಅಂಗನವಾಡಿಗೆ ಕರೆದೊಯ್ಯಿರಿ. ತೂಕದ ಕಾರ್ಡು ಮರಾಠಿಯಲ್ಲಿ ಇರಬಹುದು. ಸಂಕೋಚ ಬೇಡ. ಸೇವಿಕಾ ಅವರಿಗೆ “ಗೆರಿ ಮ್ಯಾಲೆ ಹೊಂಟದೋ, ಕೆಳಗೋ?” ಎಂದು ಕೇಳಿರಿ. ಗೆರೆ ಮೇಲೆ ಹೋದರೆ ಚಿಂತೆ ಇಲ್ಲ. ಮಗು ಹಟ ಮಾಡಿದರೂ ಬೇಕಾದಷ್ಟು ಉಣ್ಣುತ್ತಿದೆ ಎಂದು ಅರ್ಥ.

6 ತಿಂಗಳಿಂದ 5 ವರ್ಷದ ಮಕ್ಕಳ ತೋಳು ಅಳೆಯುವ ಪಟ್ಟಿಯೂ ಇದೆ. ಬಣ್ಣ ಎಲ್ಲ ಭಾಷೆಗೂ ಒಂದೇ. ಹಸಿರು ಇದ್ದರೆ ಚಲೋ. ಹಳದಿ ಇದ್ದರೆ ಎಚ್ಚರ. ಕೆಂಪು, ಅಂದರೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅಂದೇ ದವಾಖಾನೆಗೆ ಹೋಗಿರಿ.

ಹೇಳಿರಿ, ಬರೆಯಿರಿ

1. ಜೋಳದ ರೊಟ್ಟಿಗೆ ಯಾವ ಯಾವ ಕಾಳು ಜೋಡಿ? ನಿಮ್ಮ ಮನೆಯಲ್ಲಿ ಇರುವ ಮೂರು ಕಾಳಿನ ಹೆಸರು ಬರೆಯಿರಿ.
2. ಉಸುಳಿಗೆ ಲಿಂಬೆ ಏಕೆ ಹಿಂಡಬೇಕು?
3. ಇಡೀ ಶೇಂಗಾ ಕಾಳನ್ನು ಸಣ್ಣ ಮಗುವಿಗೆ ಏಕೆ ಕೊಡಬಾರದು?
4. ಡಾಕ್ಟರರಿಗೆ ಹೇಳಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆಯಿರಿ. ದವಾಖಾನೆಗೆ ಹೋಗುವಾಗ ಜೊತೆಗೆ ಒಯ್ಯಿರಿ.
5. ನಿಮ್ಮ ಮಗುವಿನ ಈ ತಿಂಗಳ ತೂಕ ಎಷ್ಟು? ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮುಂದಿನ ತಿಂಗಳ ತೂಕವನ್ನೂ ಬರೆದು ಎರಡನ್ನೂ ಹೋಲಿಸಿ ನೋಡಿರಿ.